ನಮ್ಮ ಬಚ್ಚಲಿನ ವೀರಗಲ್ಲು

ಚರಿತ್ರೆಯ ಮೇಲೆ ನನಗೆ ಮೊದಲಿನಿಂದಲೂ ಗೌರವ. ಆದರೆ ಅದು ನಮ್ಮಿಂದ ಒಂದು ಬಸ್ಸಿನ ದೂರದಲ್ಲಾದರೂ ಇರಬೇಕು ಎಂಬುದು ನನ್ನ ಅಭಿಪ್ರಾಯ. ಹಳೇಬೀಡು ಹಳೇಬೀಡಿನಲ್ಲಿದ್ದರೆ ಚೆಂದ, ಹಂಪೆ ಹಂಪೆಯಲ್ಲಿದ್ದರೆ ಚೆಂದ. ಬುತ್ತಿ ಕಟ್ಟಿಕೊಂಡು ಹೋಗಿ, ಕಂಬಗಳನ್ನು ತಟ್ಟಿ ನೋಡಿ, ‘ಎಂಥ ಜನ ಇದ್ದರಪ್ಪ ಆ ಕಾಲದಲ್ಲಿ’ ಎಂದು ನಿಟ್ಟುಸಿರು ಬಿಟ್ಟು, ನೆರಳಲ್ಲಿ ಕೂತು ಮೊಸರನ್ನ ಮುಗಿಸಿ ವಾಪಸು ಬಂದುಬಿಟ್ಟರೆ ಚರಿತ್ರೆಗೂ ಕ್ಷೇಮ, ನಮಗೂ ಕ್ಷೇಮ. ಹಾಗಲ್ಲದೆ ಅದೇ ನಮ್ಮನ್ನು ಹುಡುಕಿಕೊಂಡು ಬಂದು ಹಿತ್ತಲಲ್ಲಿ ಠಿಕಾಣಿ ಹೂಡಿದರೆ ಏನಾಗುತ್ತದೆ ಎಂದು ಹೇಳಲು ಇಡೀ ಜಯನಗರದಲ್ಲಿ ನನ್ನಷ್ಟು ಅರ್ಹತೆ ಇನ್ನೊಬ್ಬರಿಗಿಲ್ಲ. ಹೋದ ದಸರೆಯಿಂದ ನಮ್ಮ ಮನೆಗೆ ಬಚ್ಚಲಿಲ್ಲ. ಬಚ್ಚಲು ಇರಬೇಕಾದ ಜಾಗದಲ್ಲಿ ಚರಿತ್ರೆ ಇದೆ.

ಮುಂದಿನದು ಅರ್ಥವಾಗಬೇಕಾದರೆ ನನ್ನ ಉದ್ಯೋಗ ಏನೆಂದು ಹೇಳಿಬಿಡಬೇಕು. ಸರ್ಕಾರದ ಹಣಕ್ಕೆ ಕಾವಲು ಕೂತಿರುವ ಒಂದು ಶಾಖೆಯಲ್ಲಿ ನಾನು ಗುಮಾಸ್ತ. ರಾಜ್ಯದಲ್ಲಿ ಎಲ್ಲೇ ಆಗಲಿ ಹಳೆಯ ಗುಡಿ, ಮಂಟಪ, ಕೋಟೆ, ಕಲ್ಯಾಣಿ, ಗುಂಡುತೋಪು, ಗೋಮಾಳ ಇಂಥವನ್ನು ಕಾಪಾಡಲು ಯಾರು ಹಣ ಕೇಳಿದರೂ ಆ ಫೈಲು ನನ್ನ ಮೇಜನ್ನು ಹಾದುಹೋಗಬೇಕು. ಹಾದುಹೋಗಬೇಕು ಎಂಬುದು ಮಾತಿಗೆ ಹೇಳಿದ್ದು. ನಾನು ಆ ಕುರ್ಚಿಗೆ ಬಂದಮೇಲೆ ಅಷ್ಟು ಸಲೀಸಾಗಿ ಹಾದುಹೋದ ಫೈಲು ನನಗೆ ನೆನಪಿಲ್ಲ. ಈ ಸ್ಮಾರಕಗಳಲ್ಲಿ ಒಂದನ್ನೂ ನಾನು ಕಣ್ಣಾರೆ ಕಂಡವನಲ್ಲ. ಆದರೆ ಅವುಗಳಿಂದ ಸರ್ಕಾರದ ಹಣವನ್ನು ಕಾಪಾಡಿದ ಹೆಮ್ಮೆ ನನಗಿದೆ. ಒಂದು ಊರಿನವರು ತಮ್ಮ ಕೆರೆ ಏರಿಯ ಮೇಲಿನ ಮಂಟಪ ಸೋರುತ್ತಿದೆ, ರಿಪೇರಿಗೆ ಹಣ ಬೇಕು ಎಂದು ಬರೆದಿದ್ದರು. ಸೋರುವುದು ಕಟ್ಟಿದಾಗಿನಿಂದಲೋ ಇತ್ತೀಚೆಗೋ ಎಂದು ಕೇಳಿದೆ. ಇತ್ತೀಚೆಗೆ ಎಂದು ಉತ್ತರ ಬಂತು. ಹಾಗಾದರೆ ಇಷ್ಟು ಕಾಲ ಸೋರದಿರಲು ಕಾರಣವೇನು ಎಂದು ಕೇಳಿದೆ. ಅದಕ್ಕೆ ಉತ್ತರ ಬರುವುದರೊಳಗೆ ಒಂದು ಮಳೆಗಾಲ ಕಳೆದು ಮಂಟಪದ ಚಾವಣಿಯೇ ಬಿದ್ದುಹೋಗಿತ್ತು. ಚಾವಣಿ ಇಲ್ಲವಾದ್ದರಿಂದ ಸೋರುವ ಪ್ರಶ್ನೆ ಉದ್ಭವಿಸುವುದಿಲ್ಲ ಎಂದು ಬರೆದು ಫೈಲು ಮುಚ್ಚಿದೆ. ಸಾಹೇಬರು ಬಹಳ ಮೆಚ್ಚಿಕೊಂಡರು. ಇನ್ನೊಂದು ಕಡೆ ಗುಂಡುತೋಪು ಒತ್ತುವರಿಯಾಗುತ್ತಿದೆ, ಬೇಲಿಗೆ ಹಣ ಕೊಡಿ ಎಂದಿದ್ದರು. ಬೇಲಿಯಿಂದ ಯಾರಿಗೆ ತೊಂದರೆಯಾಗುತ್ತದೋ ಅವರ ಒಪ್ಪಿಗೆ ಪಡೆದಿದೆಯೇ ಎಂದು ಕೇಳಿದೆ. ಪಾಪ, ಹೋಗಿ ಒತ್ತುವರಿ ಮಾಡಿದವರನ್ನೇ ಕೇಳಿಕೊಂಡು ಬಂದರು. ಬೇಲಿಯೊಳಗೆ ತಮ್ಮ ಮನೆಗಳನ್ನೂ ಸೇರಿಸಿಕೊಂಡರೆ ದನಗಳ ಕಾಟ ತಪ್ಪುತ್ತದೆ ಎಂದು ಅವರೆಲ್ಲ ಸಂತೋಷವಾಗಿಯೇ ಒಪ್ಪಿಗೆ ಕೊಟ್ಟಿದ್ದರು.

ಈ ವಿವರಗಳು ನನ್ನ ಹೆಂಡತಿ ಶಾರದೆಗೆ ಗೊತ್ತಿರಲಿಲ್ಲ. ನಾನು ಹಣಕಾಸು ನೋಡಿಕೊಳ್ಳುವವನು ಎಂದಷ್ಟೇ ಅವಳಿಗೆ ಗೊತ್ತು. ನಾವು ಚಾಮರಾಜಪೇಟೆಯ ವಠಾರದಲ್ಲಿದ್ದಾಗ ಅಲ್ಲಿನ ಹೆಂಗಸರಿಗೆಲ್ಲ ಅವಳು, ‘ಸರ್ಕಾರದ ದುಡ್ಡೆಲ್ಲ ನಮ್ಮನೆಯವರ ಕೈ ಮೇಲೇ ಹೋಗೋದು’ ಎಂದು ಹೇಳಿಕೊಂಡಿದ್ದಳು. ಹೋಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸ ಎಂದು ತಿದ್ದುವ ಅಗತ್ಯ ನನಗೆ ಕಂಡಿರಲಿಲ್ಲ. ಅದರಿಂದ ಅವಳಿಗೆ ನಲ್ಲಿಯ ಹತ್ತಿರ ಸ್ವಲ್ಪ ಮರ್ಯಾದೆ ಸಿಗುತ್ತಿತ್ತು.

ಆ ವಠಾರದಲ್ಲಿ ಎಲ್ಲ ಮನೆಗಳಿಗೂ ಸೇರಿ ಇದ್ದದ್ದು ಒಂದೇ ಬಚ್ಚಲು. ನಮ್ಮ ಮನೆಯಲ್ಲಿ ಸ್ನಾನವಾಗದೆ ಒಲೆ ಹಚ್ಚುವ ಪದ್ಧತಿ ಇಲ್ಲ. ಶಾರದೆ ಬೆಳಗಿನ ಜಾವಕ್ಕೇ ಸೀರೆ, ಚೊಂಬು ಹಿಡಿದು ಸರದಿಯಲ್ಲಿ ನಿಲ್ಲುತ್ತಿದ್ದಳು. ಒಳಗಿದ್ದವರು ಹಾಡು ಶುರುಮಾಡಿದರೆಂದರೆ ಆ ದಿನ ನನಗೆ ಆಫೀಸಿಗೆ ಲೇಟು. ಸಾಲದ್ದಕ್ಕೆ ಆ ಬಾಗಿಲಿಗೆ ಒಳಗಡೆ ಚಿಲಕ ಇರಲಿಲ್ಲ. ಒಳಗಿರುವವರು ಆಗಾಗ ಕೆಮ್ಮುತ್ತಿರಬೇಕು. ಮದುವೆಯಾದಾಗ ತವರಿನವರು ಕೊಟ್ಟ ದೊಡ್ಡ ತಾಮ್ರದ ಹಂಡೆಯೊಂದು ಅವಳ ಹತ್ತಿರ ಇತ್ತು. ಹೂಡಲು ಜಾಗವಿಲ್ಲದೆ ಅದರಲ್ಲಿ ಹಳೆಯ ಹಾಸಿಗೆ ತುಂಬಿಟ್ಟಿದ್ದೆವು. ನನಗೆ ಜಯನಗರದಲ್ಲಿ ಸೈಟು ಸಿಕ್ಕಿತು ಎಂದಾಗ, ‘ಅಯ್ಯೋ ಆ ಕಾಡಿಗಾ?’ ಎಂದವಳು, ಒಂದು ಷರತ್ತಿನ ಮೇಲೆ ಒಪ್ಪಿಕೊಂಡಳು. “ನನಗೆ ಬೇರೇನೂ ಬೇಡಿ. ಒಂದು ಬಚ್ಚಲು ಕಟ್ಟಿಸ್ಕೊಡಿ. ಮೇಲೆ ಸೂರಿರ್ಬೇಕು, ಹಂಡೆ ಹೂಡಿರ್ಬೇಕು, ಒಳಗಡೆಯಿಂದ ಚಿಲಕ ಹಾಕ್ಕೊಳ್ಳೋ ಹಾಗಿರ್ಬೇಕು. ಅಷ್ಟೇ.” ನಾನು ಆಗಲಿ ಎಂದೆ. ಹೆಂಡತಿ ನನ್ನನ್ನು ಕೇಳಿದ್ದು ಬಹಳ ಕಡಿಮೆ, ಅದರಲ್ಲಿ ಇದು ದೊಡ್ಡದು.

ನಾವು ಬಂದಾಗ ಜಯನಗರದ ನಮ್ಮ ಬೀದಿಯಲ್ಲಿ ಮೂರೋ ನಾಲ್ಕೋ ಮನೆ. ಉಳಿದದ್ದೆಲ್ಲ ಕಲ್ಲು ನೆಟ್ಟ ಸೈಟುಗಳು, ಅವುಗಳ ನಡುವೆ ಮೇಯುವ ಬೈರಸಂದ್ರದ ಎಮ್ಮೆಗಳು. ಸಂಜೆಯಾದರೆ ನರಿ ಕೂಗುತ್ತಿತ್ತು. ಬಸ್ಸು ಬಂದರೆ ಜನ ಹೊರಗೆ ಬಂದು ನೋಡುತ್ತಿದ್ದರು. ಮನೆ ಎದ್ದು ನಿಲ್ಲುವ ಹೊತ್ತಿಗೆ ಕೈಯಲ್ಲಿದ್ದದ್ದೆಲ್ಲ ಕರಗಿ, ಬಚ್ಚಲು ಒಂದು ಉಳಿದುಹೋಯಿತು. ಹಿತ್ತಲಲ್ಲಿ ತೆಂಗಿನ ಗರಿಯ ಮರೆ ಕಟ್ಟಿಕೊಂಡು ಕೆಲವು ತಿಂಗಳು ಕಳೆದೆವು. ಗಾಳಿ ಬಂದಾಗ ಮರೆ ಹಾರಿ ಎದುರು ಮನೆಯ ಪದ್ದಮ್ಮನವರ ಅಂಗಳಕ್ಕೆ ಹೋಗುತ್ತಿತ್ತು. ಅವರು ಒಳ್ಳೆಯವರು, ಏನೂ ಕೇಳದೆ ತಂದು ಕೊಡುತ್ತಿದ್ದರು. ಕೊನೆಗೆ ದಸರೆಯ ಹೊತ್ತಿಗೆ ನಾಲ್ಕು ಕಾಸು ಕೂಡಿತು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹೊಸ ಬಚ್ಚಲಿನಲ್ಲಿ ಹಂಡೆ ಹೂಡಬೇಕು ಎಂದು ಶಾರದೆ ಹೇಳಿದಳು. ಉತ್ತರಹಳ್ಳಿಯಿಂದ ಮೇಸ್ತ್ರಿ ಮುನಿಯಪ್ಪ ಸೈಕಲ್ಲಿನಲ್ಲಿ ಬಂದು ಪಾಯ ತೋಡಲು ಶುರುಮಾಡಿದ.

ಮೂರು ಕಡೆ ಗೋಡೆ ಸೊಂಟದ ಮಟ್ಟಕ್ಕೆ ಬಂದಿತ್ತು. ನೀರು ಹೋಗುವ ಮೋರಿಗೆಂದು ನಾಲ್ಕನೆಯ ಕಡೆ ಅಗೆಯುವಾಗ ಹಾರೆ ಠಣ್ ಎಂದಿತು. ಮುನಿಯಪ್ಪನೂ ಅವನ ಆಳುಗಳೂ ಸೇರಿ ಎತ್ತಿ ನಿಲ್ಲಿಸಿ ನೀರು ಹಾಕಿ ತೊಳೆದರು. ಎದೆಯುದ್ದದ ಚಪ್ಪಡಿ. ಅದರ ಮೇಲೆ ಕತ್ತಿ ಹಿಡಿದ ಮೀಸೆಯ ಆಳೊಬ್ಬ, ಅವನ ಕಾಲ ಬಳಿ ಒಂದೆರಡು ದನ, ಮೇಲೆ ಅವನನ್ನು ಕೈಹಿಡಿದು ಸ್ವರ್ಗಕ್ಕೆ ಕರೆದೊಯ್ಯುವ ಹೆಂಗಸರು, ನಡುವೆ ನಾಲ್ಕು ಸಾಲು ಅಕ್ಷರ. ವೀರಗಲ್ಲು! ಫೈಲುಗಳಲ್ಲಿ ಆ ಪದವನ್ನು ನಾನು ಎಷ್ಟು ಸಲ ಓದಿದ್ದೆನೋ, ಎಷ್ಟು ಸಲ ಅಡಿಗೆರೆ ಎಳೆದಿದ್ದೆನೋ. ನಿಜವಾದದ್ದನ್ನು ನೋಡಿದ್ದು ಅದೇ ಮೊದಲು. ಮುನಿಯಪ್ಪನಿಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ. “ನಮ್ಮೂರ ಕಡೆ ಇಂಥವು ಬೇಕಾದಷ್ಟು ಬಿದ್ದವೆ ಸಾಮಿ. ಒಳ್ಳೆ ಕಲ್ಲು. ಮಕ ಕೆಳಗ್ ಮಾಡಿ ಬಚ್ಚಲಿಗೆ ಹಾಸ್ಬುಡ್ತೀನಿ, ನೂರ್ ವರ್ಷ ಜಗ್ಗಾಕಿಲ್ಲ” ಎಂದ. ಶಾರದೆಯೂ ಕಲ್ಲಿಗೆ ಒಂದು ಸುತ್ತು ಬಂದು, “ಜಾರೋದೂ ಇಲ್ಲ” ಎಂದಳು.

ಆ ಕ್ಷಣದಲ್ಲಿ ನಾನು ತೆಪ್ಪಗೆ ತಲೆಯಾಡಿಸಿದ್ದರೆ ಈ ಪ್ರಬಂಧದ ಅಗತ್ಯವೇ ಇರುತ್ತಿರಲಿಲ್ಲ. ಆದರೆ ನಾನು ಸರ್ಕಾರಿ ನೌಕರ, ಅದರಲ್ಲೂ ಅದೇ ವಿಷಯದ ಗುಮಾಸ್ತ. ಇದು ರಾಷ್ಟ್ರದ ಸೊತ್ತು, ಇದರ ಮೇಲೆ ಸೀಗೆಪುಡಿ ನೀರು ಬೀಳುವುದು ಸರಿಯಲ್ಲ ಎಂದು ಇಬ್ಬರಿಗೂ ಒಂದು ಸಣ್ಣ ಭಾಷಣ ಮಾಡಿದೆ. ಮಾರನೆಯ ದಿನವೇ ಸ್ಮಾರಕಗಳ ಇಲಾಖೆಗೆ ಕಾಗದ ಬರೆದೆ. ಮುನಿಯಪ್ಪ ಎರಡು ದಿನ ಬೀಡಿ ಸೇದುತ್ತ ಕಾದು, ಬನಶಂಕರಿಯ ಕಡೆ ಇನ್ಯಾರದೋ ಮನೆ ಕೆಲಸಕ್ಕೆ ಹೊರಟುಹೋದ.

ಇಲಾಖೆಯಿಂದ ಬಂದವರು ನಂಜುಂಡಯ್ಯ ಎಂಬ ಇನ್‌ಸ್ಪೆಕ್ಟರು. ಬಡಕಲು ಮನುಷ್ಯ, ದಪ್ಪ ಕನ್ನಡಕ, ಕಲ್ಲೆಂದರೆ ಪ್ರಾಣ. ಬಂದವರೇ ನಮ್ಮ ಅರ್ಧ ಬಚ್ಚಲಿನೊಳಗೆ ಮಂಡಿಯೂರಿ ಕೂತು, ಅಕ್ಷರಗಳ ಮೇಲೆ ಬೆರಳಾಡಿಸುತ್ತ ಓದಿದರು. ಅವರ ಕಣ್ಣಲ್ಲಿ ನೀರು ತುಂಬಿತು. ಊರ ಗೋಮಾಳವನ್ನು ಪರರು ಆಕ್ರಮಿಸಿಕೊಳ್ಳಲು ಬಂದಾಗ ಈತ ಒಬ್ಬನೇ ಎದುರು ನಿಂತು ಕಾದಾಡಿ ಸತ್ತನಂತೆ, ಊರವರು ಈ ಕಲ್ಲು ನಿಲ್ಲಿಸಿದರಂತೆ. “ಆ ಗೋಮಾಳ ಎಲ್ಲಿತ್ತೋ” ಎಂದು ಶಾರದೆ ಕೇಳಿದಳು. ನಂಜುಂಡಯ್ಯ ಕತ್ತೆತ್ತಿ ನಮ್ಮ ಅಡುಗೆಮನೆ, ಪಕ್ಕದ ಸೈಟು, ಎದುರಿನ ಪದ್ದಮ್ಮನವರ ತಾರಸಿ ಎಲ್ಲವನ್ನೂ ಒಂದು ಸುತ್ತು ನೋಡಿ, “ಇಲ್ಲೇ ಇರ್ಬೇಕು ತಾಯಿ” ಎಂದರು. ನಾನು ಮಾತು ಬದಲಿಸಿದೆ.

ಆಮೇಲೆ ಅವರು ನಿಯಮ ತಿಳಿಸಿದರು. ಕಲ್ಲು ಈಗ ರಕ್ಷಿತ ಸ್ಮಾರಕ. ಇಲಾಖೆಯವರಲ್ಲದೆ ಬೇರೆ ಯಾರೂ ಅದನ್ನು ಕದಲಿಸಬಾರದು. ಅದು ಅಲ್ಲಿರುವ ತನಕ ಅದರ ಸುತ್ತ ಹತ್ತು ಅಡಿಯೊಳಗೆ ಯಾರೂ ಏನನ್ನೂ ಕಟ್ಟಬಾರದು. “ಮ್ಯೂಸಿಯಮ್ಮಿಗೆ ಸಾಗಿಸ್ಬಿಡ್ತೀವಿ ಸಾರ್, ಯೋಚ್ನೆ ಮಾಡ್ಬೇಡಿ. ಒಂದು ಗಾಡಿ, ನಾಲ್ಕು ಆಳು, ಒಂದಿಷ್ಟು ಹುಲ್ಲು. ಆದ್ರೆ ಅದಕ್ಕೆ ಅನುದಾನ ಬೇಕಲ್ಲ” ಎಂದು ಅವರು ಕನ್ನಡಕ ಒರೆಸಿಕೊಂಡರು. “ಮೇಲೆ ಆ ಹಣಕಾಸಿನ ಕಡೆ ಒಬ್ಬ ಗುಮಾಸ್ತ ಇದಾನೆ ಸಾರ್. ಯಾರು ಅಂತ ಗೊತ್ತಿಲ್ಲ. ಅವನ ಕೈಗೆ ಫೈಲು ಹೋದ್ರೆ ಗಡ್ಡ ಬಿಟ್ಕೊಂಡು ವಾಪಸ್ ಬರತ್ತೆ. ಒಂದು ಮಂಟಪದ ಫೈಲಲ್ಲಿ ಅವನು ಕೇಳಿದ ಪ್ರಶ್ನೆಗೆ ಉತ್ತರ ಹುಡುಕ್ತಾ ಇರೋವಾಗ್ಲೇ ಮಂಟಪ ನನ್ನ ಕಣ್ಮುಂದೆ ಬಿತ್ತು.” ಶಾರದೆ ನನ್ನ ಕಡೆ ತಿರುಗಿ, “ನಿಮ್ಮ ಆಫೀಸಲ್ಲಿ ಇಂಥೋರೂ ಇದಾರಾ?” ಎಂದಳು. ದೊಡ್ಡ ಆಫೀಸು, ಎಲ್ಲ ಥರದವರೂ ಇರುತ್ತಾರೆ ಎಂದೆ. ಅವರ ಕಾಫಿಗೆ ಇನ್ನೊಂದು ಚಮಚ ಸಕ್ಕರೆಯನ್ನು ನಾನೇ ಹಾಕಿದೆ.

ಕಲ್ಲು ಸಾಗಿಸಲು ಹಣವಿರಲಿಲ್ಲವಾದರೂ ಬೋರ್ಡಿಗೆ ಇತ್ತು. ಬೋರ್ಡು ಬೇರೆ ಲೆಕ್ಕದಲ್ಲಿ ಬರುತ್ತದೆ. ಒಂದು ವಾರದೊಳಗೆ ನೀಲಿ ಬಣ್ಣದ ತಗಡಿನ ಮೇಲೆ ‘ರಕ್ಷಿತ ಸ್ಮಾರಕ, ಇಲ್ಲಿ ಹಾನಿ ಮಾಡಿದವರನ್ನು ಶಿಕ್ಷಿಸಲಾಗುವುದು’ ಎಂದು ಬರೆಸಿಕೊಂಡು ಬಂದು, ನಾನು ಚಿಲಕದ ಬಾಗಿಲು ಕೂರಿಸಬೇಕೆಂದಿದ್ದ ಜಾಗದಲ್ಲೇ ನೆಟ್ಟು ಹೋದರು. ತೆಂಗಿನ ಗರಿಯ ಮರೆಯೂ ಹತ್ತು ಅಡಿಯೊಳಗೆ ಬರುತ್ತದೆಂದು ಅದನ್ನೂ ಕಿತ್ತರು. ಅಲ್ಲಿಗೆ ನಮ್ಮ ಮನೆಯ ಸ್ನಾನ ಪದ್ದಮ್ಮನವರ ಮನೆಗೆ ವರ್ಗವಾಯಿತು. ಬೆಳಗಾಗೆದ್ದು ಶಾರದೆ ಸೀರೆ, ಚೊಂಬು ಹಿಡಿದು ಬೀದಿ ದಾಟುತ್ತಿದ್ದಳು. ಪದ್ದಮ್ಮನವರ ಮನೆಯವರದೆಲ್ಲ ಆಗಿ, ಅವರ ನೆಂಟರಿದ್ದರೆ ಅವರದೂ ಆಗಿ, ಆಮೇಲೆ ನಮ್ಮ ಸರದಿ. ಆಮೇಲೆ ನಮ್ಮ ಒಲೆ. ನಾನು ಟವೆಲು ಹೆಗಲಿಗೆ ಹಾಕಿಕೊಂಡು ಬೀದಿ ದಾಟುವಾಗ, ಹಾಲಿನವನು, ಪೇಪರಿನವನು ಎಲ್ಲರೂ “ಏನ್ ಸಾರ್, ಸ್ನಾನಕ್ಕಾ?” ಎಂದು ಕೇಳುತ್ತಿದ್ದರು. ಒಂದು ಇಡೀ ಬೀದಿಗೆ ನಾನು ಯಾವ ದಿನ ಎಣ್ಣೆ ಹಚ್ಚಿಕೊಂಡೆ ಎಂಬುದು ತಿಳಿದಿರುವುದು ಸರ್ಕಾರಿ ನೌಕರನಿಗೆ ಅಷ್ಟು ಶೋಭೆಯಲ್ಲ.

ದೀಪಾವಳಿ ಬಂತು. ನೀರು ತುಂಬುವ ಹಬ್ಬದ ಸಂಜೆ ಶಾರದೆ ಹಾಸಿಗೆಗಳನ್ನೆಲ್ಲ ತೆಗೆದು, ಹಂಡೆಯನ್ನು ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿ, ಸುಣ್ಣದ ಪಟ್ಟೆ ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತಿ, ಸ್ಮಾರಕದಿಂದ ಹತ್ತು ಅಡಿ ಆಚೆಗೆ ಅಂಗಳದ ಬಯಲಲ್ಲಿಟ್ಟು ನೀರು ತುಂಬಿ ಪೂಜೆ ಮಾಡಿದಳು. ಆ ಹೊತ್ತಿಗೆ ಸರಿಯಾಗಿ ವೀರಗಲ್ಲು ನೋಡಲು ಯಡಿಯೂರಿನಿಂದ ಒಂದು ಗುಂಪು ಬಂತು. ಸುದ್ದಿ ಹರಡಿದ ಮೇಲೆ ಹೀಗೆ ಬರುವವರು ಇದ್ದೇ ಇದ್ದರು. ಬಂದವರು ವೀರನಿಗೆ ಒಂದು ಹೂವಿಟ್ಟು, ಹಂಡೆಯೂ ಹಳೆಯ ಕಾಲದ್ದೇ ಇರಬೇಕೆಂದು ಅದಕ್ಕೂ ಒಂದು ಹೂವಿಟ್ಟು ಹೋದರು. ಮಾರನೆಯ ಬೆಳಗ್ಗೆ ಶಾರದೆ ಹಂಡೆಯ ನೀರನ್ನು ತಣ್ಣಗೇ ಗಿಡಗಳಿಗೆ ಹಾಕಿ, ಮತ್ತೆ ಹಾಸಿಗೆ ತುಂಬಿದಳು. ಆಗ ನನಗೆ ಬಹಳ ಬೇಜಾರಾಯಿತು.

ಜನವರಿ ಕಳೆದಮೇಲೆ ಫೈಲು ಬಂತು. ‘ಜಯನಗರದ ಖಾಸಗಿ ಮನೆಯೊಂದರ ಹಿತ್ತಲಿನಲ್ಲಿರುವ ವೀರಗಲ್ಲನ್ನು ಸಾಗಿಸಲು ಅನುದಾನ ಕೋರಿ.’ ಕೋರಿದವರು ಇಲಾಖೆಯವರು, ಹಿತ್ತಲು ನನ್ನದು, ಮೇಜೂ ನನ್ನದು. ನಮ್ಮ ಸೂಪರಿಂಟೆಂಡೆಂಟ್ ಶೇಷಗಿರಿರಾಯರಿಗೆ ತೋರಿಸಿ, ಇದು ನನ್ನ ಮನೆಯ ವಿಷಯ, ನಾನು ನೋಡುವುದು ಸರಿಯಲ್ಲ ಎಂದೆ. ಅವರು ನಶ್ಯ ಏರಿಸಿ, “ಅಯ್ಯೋ ಬಿಡಯ್ಯ, ಇನ್ನೊಬ್ಬರಿಗೆ ಕೊಟ್ರೆ ಅವರು ವಿಷಯ ಕಲಿಯೋಕೇ ಆರು ತಿಂಗಳು. ನೀನೇ ಒಂದು ಸಾಲು ಬರೆದು ಕಳಿಸು. ಇಷ್ಟು ವರ್ಷದಲ್ಲಿ ಒಂದಾದ್ರೂ ಹೋಗ್ಲಿ” ಎಂದರು. ಆ ಕೊನೆಯ ಮಾತು ನನಗೆ ನಾಟಿತು. ಇಷ್ಟು ವರ್ಷದಲ್ಲಿ ಹೋದ ಒಂದೇ ಫೈಲು ನನ್ನ ಬಚ್ಚಲಿನದು ಎಂದರೆ ನಾಳೆ ಕ್ಯಾಂಟೀನಿನಲ್ಲಿ ಜನ ಏನೆಂದುಕೊಳ್ಳಬೇಡ? ಬೇರೆಯವರ ಮಂಟಪಕ್ಕೊಂದು ನ್ಯಾಯ, ನನ್ನ ಹಿತ್ತಲಿಗೊಂದು ನ್ಯಾಯ ಎಂದಾಗಬಾರದು. ಹಾಗೆಂದು ನನ್ನ ಮನೆಯ ಮೇಲೆ ನನಗೆ ಹಗೆಯೂ ಇರಲಿಲ್ಲ. ಸಾಮಾನ್ಯವಾಗಿ ಆರೇಳು ಪ್ರಶ್ನೆ ಹಾಕುವವನು ಮೂರಕ್ಕೆ ನಿಲ್ಲಿಸಿದೆ. ಕಲ್ಲು ಖಾಸಗಿ ಮನೆಯೊಳಕ್ಕೆ ಬಂದದ್ದು ಹೇಗೆ? ಕಾಸು ಖರ್ಚಿಲ್ಲದೆ ಅದನ್ನು ಇದ್ದಲ್ಲೇ ಕಾಪಾಡಲು ಏನು ಅಡ್ಡಿ? ಕಲ್ಲಿನ ಬದಲು ಬಚ್ಚಲನ್ನೇ ಸಾಗಿಸಬಹುದಲ್ಲವೇ? ಮೂರೂ ನ್ಯಾಯವಾದ ಪ್ರಶ್ನೆಗಳು. ಈಗಲೂ ಹಾಗೇ ಹೇಳುತ್ತೇನೆ. ನಮ್ಮಲ್ಲಿ ಪ್ರಶ್ನೆ ಬರೆಯುವುದು ಗುಮಾಸ್ತ, ರುಜು ಸಾಹೇಬರದು. ಆದ್ದರಿಂದ ಕಾಗದದ ಮೇಲೆ ನನ್ನ ಹೆಸರಿಗೆ ಜಾಗವಿರಲಿಲ್ಲ.

ಹತ್ತು ದಿನದಲ್ಲಿ ಉತ್ತರ ಬಂದುಬಿಡುತ್ತದೆ, ಬರೆದು ಕಳಿಸುತ್ತೇನೆ ಎಂದುಕೊಂಡಿದ್ದೆ. ಇಲಾಖೆಯ ಕ್ರಮವನ್ನು ನಾನು ಮರೆತಿದ್ದೆ. ಅವರು ಈ ಪ್ರಶ್ನೆಗಳಿಗೆ ಮನೆಯ ಯಜಮಾನರ ಹೇಳಿಕೆಯನ್ನೇ ಪಡೆಯುವುದು ಸೂಕ್ತ ಎಂದು ತೀರ್ಮಾನಿಸಿ, ಮೂರನ್ನೂ ನನ್ನ ಮನೆಗೆ ಟಪಾಲಿನಲ್ಲಿ ಕಳಿಸಿದರು. ಆಫೀಸಿನಲ್ಲಿ ನಾನು ಕೇಳಿದ್ದಕ್ಕೆ ಮನೆಯಲ್ಲಿ ನಾನೇ ಉತ್ತರ ಬರೆಯಲು ಕೂತೆ. ಒಂದು ಭಾನುವಾರವೆಲ್ಲ ಹಿಡಿಯಿತು. ಕಲ್ಲು ಮನೆಯೊಳಕ್ಕೆ ಬಂದದ್ದಲ್ಲ, ಮನೆಯೇ ಕಲ್ಲಿನ ಮೇಲೆ ಬಂದದ್ದು ಎಂದು ಬರೆದೆ. ಸೈಟು ಚಿಕ್ಕದು, ಬಚ್ಚಲನ್ನು ಸಾಗಿಸಿದರೆ ಅದು ದೇವರ ಮನೆಯ ಬಾಗಿಲಿಗೆ ಬರುತ್ತದೆ ಎಂದು ನಕ್ಷೆ ಬಿಡಿಸಿ ತೋರಿಸಿದೆ. ಮನೆಯ ಹೆಂಗಸರಿಗೆ ಬಹಳ ತೊಂದರೆಯಾಗಿದೆ ಎಂದು ಕೊನೆಯಲ್ಲಿ ವಿನಯದಿಂದ ಸೇರಿಸಿದೆ. ಶಾರದೆ ಪಕ್ಕದಲ್ಲಿ ಕೂತು ಕೇಳಿ, “ಇಷ್ಟು ಚೆನ್ನಾಗಿ ಬರ್ದಿದೀರಿ. ಕಲ್ಲು ಹೃದಯದೋನಾದ್ರೂ ಕರಗ್ಬೇಕು” ಎಂದಳು.

ಅದು ಸುತ್ತಿ ಬಳಸಿ ನನ್ನ ಮೇಜಿಗೆ ಬಂದಾಗ ಮಾರ್ಚ್ ಅರ್ಧ ಕಳೆದಿತ್ತು. ಮನೆಯಲ್ಲಿ ಬರೆಯುವಾಗ ಎಷ್ಟು ಚೆನ್ನಾಗಿ ಕಂಡಿತ್ತೋ, ಆಫೀಸಿನ ಕುರ್ಚಿಯಲ್ಲಿ ಕೂತು ಓದಿದಾಗ ಅಷ್ಟೇ ಸಡಿಲವಾಗಿ ಕಂಡಿತು. ಆ ಕುರ್ಚಿಯೇ ಹಾಗೆ. ‘ಬಹಳ ತೊಂದರೆ’ ಎಂದರೆ ಎಷ್ಟು ತೊಂದರೆ? ನಕ್ಷೆ ಬಿಡಿಸಿದವರು ಯಾರು, ಅವರಿಗೆ ನಕ್ಷೆ ಬಿಡಿಸುವ ಯೋಗ್ಯತೆ ಇದೆಯೇ? ಅದೆಲ್ಲ ಹೋಗಲಿ ಎಂದು ಬಿಟ್ಟೆ. ಆದರೆ ಒಂದು ಮಾತ್ರ ಬಿಡಲಾಗಲಿಲ್ಲ. ಹೇಳಿಕೆ ಕೊಟ್ಟವನಿಗೆ ಕಲ್ಲು ಹೋದರೆ ಬಚ್ಚಲು ಸಿಗುತ್ತದೆ. ಲಾಭವಿರುವವನ ಮಾತನ್ನು ಸರ್ಕಾರ ಹಾಗೆಯೇ ನಂಬಿಬಿಡುವುದು ಎಲ್ಲಾದರೂ ಉಂಟೇ? ನನ್ನ ಕೈ ತಾನಾಗಿಯೇ ಬರೆಯಿತು. ಬರೆದು ಮುಗಿಸಿದ ಮೇಲೆ ಒಂದು ಕ್ಷಣ ಪದ್ದಮ್ಮನವರ ಮನೆಯ ಬಚ್ಚಲು ಕಣ್ಣ ಮುಂದೆ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಆ ಹೊತ್ತಿಗೆ ಜವಾನ ಫೈಲು ಎತ್ತಿಕೊಂಡು ಹೋಗಿದ್ದ. ಮಾರ್ಚ್ ಮುಗಿಯಿತು. ಆ ವರ್ಷ ಖರ್ಚಾಗದ ಅನುದಾನ, ನಿಯಮದ ಪ್ರಕಾರ, ಬೊಕ್ಕಸಕ್ಕೆ ವಾಪಸಾಯಿತು. ಶೇಷಗಿರಿರಾಯರು ನನ್ನನ್ನು ನೋಡಿ ಬರೀ ತಲೆಯಾಡಿಸಿದರು. ಸಾಹೇಬರು ಮಾತ್ರ ಕರೆದು, ಸ್ವಂತ ಮನೆಯ ವಿಷಯದಲ್ಲೂ ಕೈ ನಡುಗಲಿಲ್ಲವಲ್ಲ ಎಂದು ಬೆನ್ನು ತಟ್ಟಿದರು. ಬೆನ್ನು ಸ್ವಲ್ಪ ಕೊಳೆಯಾಗಿತ್ತು, ಆ ದಿನ ನನಗೆ ಸ್ನಾನದ ಸರದಿ ಸಿಕ್ಕಿರಲಿಲ್ಲ.

ಸುದ್ದಿ ತಿಳಿಸಲು ನಂಜುಂಡಯ್ಯ ಒಂದು ಭಾನುವಾರ ತಾವೇ ಬಂದರು. ಅವರ ಮುಖ ನೋಡಿದರೆ ಹತ್ತಿರದವರು ಯಾರೋ ತೀರಿಕೊಂಡಂತಿತ್ತು. ಹಿತ್ತಲ ಕಟ್ಟೆಯ ಮೇಲೆ ಕೂತು, ಚೀಲದಿಂದ ಮೇಲಿನಿಂದ ಬಂದ ಕಾಗದ ತೆಗೆದು, ಶಾರದೆಗೆ ಅರ್ಥವಾಗಲೆಂದು ಇಂಗ್ಲಿಷನ್ನು ಬಿಡಿಸಿ ಬಿಡಿಸಿ ಹೇಳಿದರು. “ಏನ್ ಬರ್ದಿದಾನೆ ನೋಡಿ ತಾಯಿ. ‘ಹೇಳಿಕೆ ಕೊಟ್ಟಿರುವ ಮನೆಯ ಯಜಮಾನರು ಈ ವಿಷಯದಲ್ಲಿ ಸ್ವಂತ ಲಾಭವುಳ್ಳವರಾದ್ದರಿಂದ ಅವರ ಮಾತನ್ನು ಪೂರ್ತಿ ನಂಬುವಂತಿಲ್ಲ. ಯೋಗ್ಯರಾದ ಇನ್ನೊಬ್ಬರಿಂದ ವಿಚಾರಿಸಿ ತಿಳಿಸುವುದು.’ ಇನ್ನು ಮುಂದಿನ ವರ್ಷವೇ.”

ಶಾರದೆ ಕಾಫಿಯ ಲೋಟಗಳನ್ನು ಹಿಡಿದು ನಿಂತಿದ್ದವಳು ಅವನ್ನು ಕೆಳಗಿಟ್ಟಳು. ಹೆಂಗಸಿನ ಕೋಪ ಬಚ್ಚಲಿಗಾಗಿ ಎಂದು ನಾನು ತಿಳಿದೆ. ಅಲ್ಲ. “ನಮ್ಮನೆಯವರ ಮಾತು ನಂಬೋ ಹಾಗಿಲ್ಲ ಅಂತಾ ಬರ್ದಿದಾನಾ?” ಎಂದಳು. “ಇವರು ಕಲ್ಲು ಸಿಕ್ಕಿದ ದಿನ ಮುಚ್ಚಾಕಿದ್ರೆ ಕೇಳೋರು ಯಾರಿದ್ರು? ಧರ್ಮವಾಗಿ ಕಾಗದ ಬರೆದ್ರು. ಅದಕ್ಕೆ ಆರು ತಿಂಗಳಿಂದ ನಾನು ಕಂಡೋರ ಮನೇಲಿ ಮೀಯ್ತಾ ಇದೀನಿ. ಬಚ್ಚಲು ಹೋದ್ರೆ ಹೋಗ್ಲಿ. ಇವರು ಜನ್ಮದಲ್ಲಿ ಒಂದು ಸುಳ್ಳು ಹೇಳಿದೋರಲ್ಲ. ಇಂಥೋರನ್ನ ಯೋಗ್ಯರಲ್ಲ ಅಂತ ಬರೆಯೋಕೆ ಅವನಿಗೆ ಕೈ ಹೇಗೆ ಬಂತು?” ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನನ್ನು ಅವಳು ಹಾಗೆ ಹೊಗಳಿದ್ದು ನಾನು ಕೇಳಿರಲಿಲ್ಲ. ಸಂತೋಷಪಡುವುದೋ, ಅಲ್ಲೇ ಮೋರಿಗೆ ತೋಡಿದ್ದ ಗುಂಡಿಯೊಳಗೆ ಇಳಿದು ಕೂರುವುದೋ ತಿಳಿಯಲಿಲ್ಲ.

“ಅವನು ಯಾವನೇ ಆಗಿರ್ಲಿ” ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು, “ಅವನ ಮನೆ ಬಚ್ಚಲಿಗೆ ಜನ್ಮದಲ್ಲಿ ಸೂರು ಹತ್ತದೇ ಹೋಗ್ಲಿ.”

ನಂಜುಂಡಯ್ಯ ಭಕ್ತಿಯಿಂದ ತಲೆಯಾಡಿಸಿದರು. ನಾನೂ ಆಡಿಸಿ ಸುಮ್ಮನಿರಬೇಕಾಗಿತ್ತು. ಆದರೆ ಅಷ್ಟು ಸಡಿಲವಾದ ಬೇಡಿಕೆ ಕಿವಿಗೆ ಬಿದ್ದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

“ಸೂರು ಅಂದ್ರೆ ಹೆಂಚಿಂದೋ, ತಾರಸೀದೋ?” ಎಂದುಬಿಟ್ಟೆ.

ನಂಜುಂಡಯ್ಯ ಕೈಯಲ್ಲಿದ್ದ ಕಾಗದವನ್ನು ನೋಡಿದರು, ನನ್ನನ್ನು ನೋಡಿದರು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. “ಸಾರ್, ತಾವು ಯಾವ ಸೆಕ್ಷನ್ನು ಅಂದ್ರಿ?” ಎಂದು ಬಹಳ ಮೆತ್ತಗೆ ಕೇಳಿದರು. ಶಾರದೆ ಎರಡು ಲೋಟಗಳಲ್ಲಿ ಒಂದನ್ನು ಅವರ ಕೈಗೆ ಕೊಟ್ಟು, ಇನ್ನೊಂದನ್ನು ಒಳಕ್ಕೆ ತೆಗೆದುಕೊಂಡು ಹೋದಳು.

ಆಮೇಲೆ ಅವಳು ಬೈಯಲೂ ಇಲ್ಲ, ಅಳಲೂ ಇಲ್ಲ. ಪದ್ದಮ್ಮನವರ ಮನೆಗೆ ಹೋಗುತ್ತಾಳೆ, ಬರುತ್ತಾಳೆ, ಅಡುಗೆ ಮಾಡಿ ಬಡಿಸುತ್ತಾಳೆ. ನಾನು ಮಾತ್ರ ಆ ಮನೆಗೆ ಹೋಗುವ ಹಾಗಿಲ್ಲ. ಸ್ವಂತ ಲಾಭವುಳ್ಳವರಿಗೆ ಅಲ್ಲಿ ಬಿಸಿನೀರಿಲ್ಲ ಎಂದು ಅಷ್ಟನ್ನು ಮಾತ್ರ ಹೇಳಿದಳು. ಹೀಗಾಗಿ ನಾನೀಗ ಬೆಳಗಿನ ಮಬ್ಬಿನಲ್ಲೇ ಎದ್ದು, ಅರ್ಧ ಗೋಡೆಯ ನಡುವೆ ಆ ನೀಲಿ ಬೋರ್ಡಿನ ಕೆಳಗೆ ಕೂತು ತಣ್ಣೀರು ಸುರಿದುಕೊಳ್ಳುತ್ತೇನೆ. ಹತ್ತು ಅಡಿಯೊಳಗೆ ಏನನ್ನೂ ಕಟ್ಟಬಾರದು ಎಂದಿದೆಯೇ ಹೊರತು ಗುಮಾಸ್ತರು ಕೂರಬಾರದು ಎಂದಿಲ್ಲ, ನಿಯಮ ನೋಡಿಕೊಂಡೇ ಕೂತಿದ್ದೇನೆ. ಎದುರಿಗೆ ಆ ಮೀಸೆಯ ವೀರ ಕತ್ತಿಯೆತ್ತಿ ನಿಂತಿರುತ್ತಾನೆ. ಚಳಿಗೆ ಹಲ್ಲು ಕಡಿಯುತ್ತ ಅವನನ್ನೇ ನೋಡುತ್ತಿರುತ್ತೇನೆ. ಗೋಮಾಳಕ್ಕೆ ನುಗ್ಗುತ್ತಿದ್ದಾರೆ ಎಂದು ಯಾರೋ ಓಡಿ ಬಂದು ಹೇಳಿದಾಗ, ಇವನು ನುಗ್ಗಿದವರು ಎಷ್ಟು ಜನ, ನುಗ್ಗಲು ಕಾರಣವೇನು, ಹೇಳಿಕೆ ಕೊಡುವ ನೀನು ಯಾರು ಎಂದು ಕೇಳಿ ತಿಳಿದುಕೊಂಡೇ ಹೊರಟಿದ್ದರೆ ಮೊಮ್ಮಕ್ಕಳನ್ನು ಆಡಿಸಿಕೊಂಡು ನೆಮ್ಮದಿಯಾಗಿ ಮುದುಕನಾಗುತ್ತಿದ್ದ. ಆದರೆ ಅವನಿಗೆ ಯಾರೂ ಕಲ್ಲು ನಿಲ್ಲಿಸುತ್ತಿರಲಿಲ್ಲ. ನನಗೂ ಯಾರೂ ನಿಲ್ಲಿಸುವುದಿಲ್ಲ, ಅದು ಗೊತ್ತಿದೆ, ಅದಕ್ಕೇನೂ ನನ್ನ ಆಕ್ಷೇಪಣೆಯಿಲ್ಲ. ಒಂದು ಬಚ್ಚಲು ನಿಂತಿದ್ದರೆ ಸಾಕಾಗಿತ್ತು.